‘ಇನ್‌ಸ್ಟಾಲ್ ಆಯ್ತು’ ಎಂದ ಮೇಲೆ: ಕ್ಲಸ್ಟರ್ ಡೇಟಾಬೇಸ್‌ನ ದೋಷಪತ್ತೆ ಕುರಿತ ಒಂದು ಪ್ರಯೋಗಾಲಯ ಪಾಠ

ಪೀಠಿಕೆ

ದ್ವಿತೀಯ ಪಿಯು ಗಣಕವಿಜ್ಞಾನದಲ್ಲಿ ಡೇಟಾಬೇಸ್ ಪರಿಕಲ್ಪನೆ, ಎಸ್‌ಕ್ಯೂಎಲ್ ಮತ್ತು ನೆಟ್‌ವರ್ಕ್ ಬೇರೆ ಬೇರೆ ಅಧ್ಯಾಯಗಳು. ವಿದ್ಯಾರ್ಥಿಗಳು ಮೂರನ್ನೂ ಓದುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಮೂರೂ ಒಂದೇ ಮೇಜಿನ ಮೇಲೆ ಸೇರುವ ಸಂದರ್ಭ ಅವರಿಗೆ ಸಿಗುವುದು ಕಡಿಮೆ. ಗೊರಗುಂಟೆಪಾಳ್ಯದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಅಭ್ಯಾಸ ಬೋಧನೆ ಮಾಡುವಾಗ, ಪುನರಾವರ್ತನೆಗೆಂದು ನನಗೆ ಕೊಟ್ಟಿದ್ದ ಎರಡು ಜೋಡಿ ಅವಧಿಗಳನ್ನು ಇಂಥ ಒಂದು ಪಾಠಕ್ಕೆ ಬಳಸಿಕೊಂಡೆ. ಮೂರು ಕಂಪ್ಯೂಟರುಗಳಲ್ಲಿ ಒಂದೇ ಡೇಟಾಬೇಸ್ ನಡೆಯುವಂತೆ ಕ್ಲಸ್ಟರ್ ಸ್ಥಾಪಿಸುವುದು, ಸ್ಥಾಪನೆಯ ನಂತರ ಕಾಣುವ ಸಂರಚನಾ ದೋಷಗಳನ್ನು ವಿದ್ಯಾರ್ಥಿಗಳೇ ಪತ್ತೆಹಚ್ಚುವುದು ಪಾಠದ ವಿಷಯ.

ಯೋಜನೆಯನ್ನು ನೋಡಿದ ಮಾರ್ಗದರ್ಶಕ ಉಪನ್ಯಾಸಕರು ಒಂದು ಪ್ರಶ್ನೆ ಕೇಳಿದರು: “ಇದು ಪರೀಕ್ಷೆಗೆ ಬರೋದಿಲ್ಲ. ಮಕ್ಕಳಿಗೆ ಇದರಿಂದ ಏನು ಸಿಗುತ್ತೆ?” ಈ ಲೇಖನ ಆ ಪ್ರಶ್ನೆಗೆ ನನ್ನ ಉತ್ತರ. ದೋಷವನ್ನು ಸರಿಪಡಿಸುವುದಕ್ಕಿಂತ ಮೊದಲು ದೋಷವನ್ನು ಸರಿಯಾಗಿ ಹೇಳುವುದನ್ನು ಕಲಿಸಬೇಕು. ಅದನ್ನು ಕಲಿಸಲು ಹಲವು ಯಂತ್ರಗಳು ಕೂಡಿ ನಡೆಸುವ ವ್ಯವಸ್ಥೆ ತುಂಬ ಅನುಕೂಲ.

ಕಲಿಕಾ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು:

1. ಕ್ಲಸ್ಟರ್ ಎಂದರೇನು, ಒಂದೇ ಮಾಹಿತಿ ಮೂರು ಯಂತ್ರಗಳಲ್ಲಿ ಏಕೆ ಇರಬೇಕು ಎಂದು ವಿವರಿಸುತ್ತಾನೆ/ಳೆ.
2. ‘ಕನೆಕ್ಷನ್ ರೆಫ್ಯೂಸ್ಡ್’ ಮತ್ತು ‘ಟೈಮ್ಡ್ ಔಟ್’ ಸಂದೇಶಗಳ ವ್ಯತ್ಯಾಸದಿಂದ ದೋಷದ ಸ್ಥಳವನ್ನು ಊಹಿಸುತ್ತಾನೆ/ಳೆ.
3. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಫಲವನ್ನು ದಾಖಲಿಸುತ್ತಾನೆ/ಳೆ.
4. ಬಹುಮತ ಇಲ್ಲದ ಯಂತ್ರವು ಕೆಲಸ ನಿಲ್ಲಿಸುವುದು ದೋಷವಲ್ಲ, ರಕ್ಷಣೆ ಎಂದು ಗುರುತಿಸುತ್ತಾನೆ/ಳೆ.

ಬೋಧನೋಪಕರಣಗಳು

ಉಬುಂಟು ಇರುವ ಮೂರು ಕಂಪ್ಯೂಟರು, ಒಂದು ಸ್ವಿಚ್, ಮೂರು ಲ್ಯಾನ್ ಕೇಬಲ್, ಮರಿಯಾಡಿಬಿ ಮತ್ತು ಅದರೊಂದಿಗೆ ಬರುವ ಗಲೇರಾ. ಎರಡೂ ಉಚಿತ ತಂತ್ರಾಂಶಗಳು. ವಿದ್ಯಾರ್ಥಿಗಳು ಪಠ್ಯದಲ್ಲಿ ಓದುವ ಮೈಎಸ್‌ಕ್ಯೂಎಲ್‌ನ ಮೂಲ ರೂವಾರಿಗಳಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್ ಅವರೇ ಮರಿಯಾಡಿಬಿಯನ್ನೂ ಆರಂಭಿಸಿದ್ದು. ಮೊದಲನೆಯದಕ್ಕೆ ಹಿರಿಯ ಮಗಳು ‘ಮೈ’ಯ ಹೆಸರು, ಎರಡನೆಯದಕ್ಕೆ ಕಿರಿಯ ಮಗಳು ‘ಮರಿಯಾ’ಳ ಹೆಸರು ಇಟ್ಟರು. ಈ ಒಂದು ಮಾತಿನಿಂದ ಎರಡರ ಸಂಬಂಧ ಮಕ್ಕಳ ಮನಸ್ಸಿನಲ್ಲಿ ನಿಂತುಬಿಡುತ್ತದೆ.

ಇವಲ್ಲದೆ ಪ್ರತಿ ಗುಂಪಿಗೆ ಒಂದು ‘ದೋಷ ಚೀಟಿ’. ಅದರಲ್ಲಿ ನಾಲ್ಕು ಅಂಕಣ: ಕಂಡದ್ದು, ಊಹೆ, ಪರೀಕ್ಷೆ, ಫಲ. ಮೊದಲ ಅಂಕಣ ತುಂಬುವವರೆಗೆ ಯಾರೂ ಕೀಬೋರ್ಡ್ ಮುಟ್ಟುವಂತಿಲ್ಲ, ನಾನೂ ಮುಟ್ಟುವಂತಿಲ್ಲ. ಈ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೆ.

ಹಂತ 1: ತೊಡಗಿಸಿಕೊಳ್ಳುವಿಕೆ

“ಮನೇಲಿ ಲೈಟ್ ಹತ್ತಲಿಲ್ಲ. ಮೊದಲು ಏನು ನೋಡ್ತೀರಿ?” ಎಂಬ ಪ್ರಶ್ನೆಯಿಂದ ಆರಂಭಿಸಿದೆ. ಹಲವರ ಮನೆಯವರು ಪೀಣ್ಯದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರು. ಉತ್ತರಗಳು ತಡವಾಗಲಿಲ್ಲ. ಒಬ್ಬ ವಿದ್ಯಾರ್ಥಿ ಹೇಳಿದ: “ಪಕ್ಕದ ಮನೇಲಿ ಕರೆಂಟ್ ಇದ್ಯಾ ನೋಡ್ಬೇಕು ಮೇಡಂ. ಆಮೇಲೆ ಮೇನ್, ಆಮೇಲೆ ಫ್ಯೂಸ್, ಆಮೇಲೆ ಸ್ವಿಚ್, ಕೊನೇಗೆ ಬಲ್ಬು.” ಹೊರಗಿನಿಂದ ಒಳಕ್ಕೆ ಬರುವ ಈ ಕ್ರಮವನ್ನು ಹಲಗೆಯ ಮೂಲೆಯಲ್ಲಿ ಬರೆದು ಹಾಗೇ ಬಿಟ್ಟೆ. ಮುಂದಿನ ಎಲ್ಲ ಚಟುವಟಿಕೆಗೂ ಅದೇ ಆಧಾರ.

ನಂತರ ಕ್ಲಸ್ಟರಿನ ಅಗತ್ಯ. ಹಾಜರಾತಿ ಒಂದೇ ಕಂಪ್ಯೂಟರಿನಲ್ಲಿದ್ದು ಅದು ಕೆಟ್ಟರೆ ಏನಾಗುತ್ತದೆ? ಮೂರು ಕಡೆ ಇದ್ದರೆ ಏನು ಲಾಭ? ಮೂರರಲ್ಲಿ ಬೇರೆ ಬೇರೆ ಮಾಹಿತಿ ಇದ್ದರೆ ಯಾವುದನ್ನು ನಂಬುವುದು? ಮೂರನೆಯ ಪ್ರಶ್ನೆಗೆ ಉತ್ತರ ಬರಲಿಲ್ಲ. ಅದನ್ನು ಪ್ರಶ್ನೆಯಾಗಿಯೇ ಉಳಿಸಿದೆ.

ಹಂತ 2: ಅನ್ವೇಷಣೆ

ಮೂರೂ ಯಂತ್ರಗಳಲ್ಲಿ ಸ್ಥಾಪನೆ ಮುಗಿದಿತ್ತು. ಪರದೆಯ ಮೇಲೆ ಎಲ್ಲಿಯೂ ಕೆಂಪು ಅಕ್ಷರವಿಲ್ಲ. ಆದರೆ ಪ್ರತಿ ಯಂತ್ರದಲ್ಲಿಯೂ ನಾನು ಮೊದಲೇ ಒಂದೆರಡು ಸಂರಚನಾ ದೋಷಗಳನ್ನು ಇಟ್ಟಿದ್ದೆ. ಇದನ್ನು ವಿದ್ಯಾರ್ಥಿಗಳಿಗೆ ತಿಳಿಸಿಯೇ ಕೆಲಸ ಆರಂಭಿಸಿದೆ. ದೋಷ ಇದೆ ಎಂದು ಗೊತ್ತಿದ್ದರೂ ಎಲ್ಲಿದೆ ಎಂದು ಹೇಳುವುದೇ ಸವಾಲು.

*ಒಂದನೇ ಯಂತ್ರ.* ಮೊದಲ ಗುಂಪಿನ ಚೀಟಿಯಲ್ಲಿ ಮೊದಲು ಬಂದ ಸಾಲು: “ಕನೆಕ್ಟ್ ಆಗ್ತಿಲ್ಲ.” ಯಾವುದರಿಂದ ಯಾವುದಕ್ಕೆ? ಎಂದು ಕೇಳಿದೆ. ಸ್ವಲ್ಪ ಹೊತ್ತಿನ ನಂತರ ಸಾಲು ಹೀಗೆ ಬದಲಾಯಿತು: “1ನೇ ಯಂತ್ರದಿಂದ ಅದರ ಡೇಟಾಬೇಸಿಗೇ ಹೋದರೆ ಆಗುತ್ತೆ. 2ನೇ ಯಂತ್ರದಿಂದ 1ಕ್ಕೆ ಹೋದರೆ ಆಗಲ್ಲ. ಪಿಂಗ್ ಮಾಡಿದರೆ ಉತ್ತರ ಬರುತ್ತೆ.” ಇಷ್ಟು ಬರೆದ ಮೇಲೆ ದೋಷ ಅರ್ಧ ಸಿಕ್ಕ ಹಾಗೆಯೇ. ಕೇಬಲ್ ಸರಿ, ಡೇಟಾಬೇಸ್ ಸರಿ, ನಡುವಿನ ಬಾಗಿಲು ಸರಿಯಿಲ್ಲ.

ಬಾಗಿಲಿನ ಪರೀಕ್ಷೆಗೆ ನೆಟ್‌ಕ್ಯಾಟ್ ಎಂಬ ಪುಟ್ಟ ಸಾಧನ ಬಳಸಿದರು. 3306ನೇ ಪೋರ್ಟಿಗೆ ತಟ್ಟಿದಾಗ ಬಹಳ ಹೊತ್ತು ಕಾದು ‘ಟೈಮ್ಡ್ ಔಟ್’ ಎಂದು ಬಂತು. ಫೈರ್‌ವಾಲ್ ಚಾಲೂ ಇತ್ತು. ಗಲೇರಾಗೆ ನಾಲ್ಕು ಪೋರ್ಟುಗಳು ಬೇಕು: ಬಳಕೆದಾರರ ಪ್ರಶ್ನೆಗಳಿಗೆ 3306, ಯಂತ್ರಗಳು ಪರಸ್ಪರ ಮಾತಾಡಲು 4567, ಹಿಂದೆ ಬಿದ್ದ ಯಂತ್ರಕ್ಕೆ ತಪ್ಪಿದ ಬದಲಾವಣೆಗಳನ್ನಷ್ಟೇ ಕಳಿಸಲು 4568, ಹೊಸದಾಗಿ ಬಂದ ಯಂತ್ರಕ್ಕೆ ಇಡೀ ಪ್ರತಿಯನ್ನು ಕೊಡಲು 4444. ನಾಲ್ಕನ್ನೂ ತೆರೆದರು. ಮತ್ತೆ ತಟ್ಟಿದರು. ಈ ಸಲ ಕಾಯುವಿಕೆ ಇಲ್ಲ. ತಕ್ಷಣ ‘ಕನೆಕ್ಷನ್ ರೆಫ್ಯೂಸ್ಡ್’.

“ಮೇಡಂ, ಇನ್ನೂ ಬರ್ತಿಲ್ಲ, ಏನೂ ಆಗ್ಲಿಲ್ಲ” ಎಂದರು. ಪಾಠದ ಮುಖ್ಯ ಘಟ್ಟ ಇದು. ಏನೂ ಆಗಲಿಲ್ಲವೇ? ಸಂದೇಶ ಬದಲಾಗಿದೆಯಲ್ಲ! ಮೊದಲು ಉತ್ತರವೇ ಬರುತ್ತಿರಲಿಲ್ಲ. ಈಗ ‘ಇಲ್ಲ’ ಎಂಬ ಉತ್ತರ ಬಂದಿದೆ. ಗೇಟಿನಲ್ಲೇ ತಡೆಯುತ್ತಿದ್ದವರು ಈಗ ಒಳಗೆ ಬಿಟ್ಟಿದ್ದಾರೆ. ಆದರೆ ಮನೆ ಬಾಗಿಲಲ್ಲಿ ಯಾರೂ ಇಲ್ಲ. ಸಂದೇಶ ಬದಲಾದರೆ ಒಂದು ಮೆಟ್ಟಿಲು ಹತ್ತಿದ ಹಾಗೆ ಎಂಬ ಮಾತನ್ನು ಎಲ್ಲರೂ ಚೀಟಿಯಲ್ಲಿ ಬರೆದುಕೊಂಡರು. ಉಳಿದ ಕಾರಣವನ್ನು ಸಂರಚನಾ ಫೈಲಿನಲ್ಲಿ ಹುಡುಕಿದರು. ‘ಬೈಂಡ್ ಅಡ್ರೆಸ್’ 127.0.0.1 ಎಂದಿತ್ತು. ಅಂದರೆ ಆ ಯಂತ್ರದ ಡೇಟಾಬೇಸ್ ತನ್ನೊಳಗಿನ ಕರೆಗಳನ್ನು ಮಾತ್ರ ಕೇಳುತ್ತದೆ. ಉಬುಂಟುವಿನಲ್ಲಿ ಮರಿಯಾಡಿಬಿ ಸ್ಥಾಪಿಸಿದಾಗ ಸುರಕ್ಷತೆಗಾಗಿ ಬರುವ ಪೂರ್ವನಿಗದಿತ ಬೆಲೆಯೇ ಇದು. ಯಾರೂ ತಪ್ಪು ಮಾಡದೆಯೂ ದೋಷ ಇರಬಹುದು ಎಂಬುದಕ್ಕೆ ಒಳ್ಳೆಯ ಉದಾಹರಣೆ.

*ಎರಡನೇ ಯಂತ್ರ.* ಇಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ಡೇಟಾಬೇಸ್ ಚಾಲೂ ಆಗಿದೆ, ಟೇಬಲ್ ರಚಿಸಬಹುದು, ಸಾಲು ಸೇರಿಸಬಹುದು. ಆದರೆ ಅದರಲ್ಲಿ ಬರೆದದ್ದು ಬೇರೆಲ್ಲೂ ಹೋಗುವುದಿಲ್ಲ. ಕ್ಲಸ್ಟರ್ ಜೊತೆ ಸಂಪರ್ಕವಿದೆಯೇ ಎಂದು ಡೇಟಾಬೇಸನ್ನೇ ಕೇಳಿದಾಗ ‘ಆಫ್’ ಎಂಬ ಉತ್ತರ ಬಂತು. ಕಾರಣ: ಗಲೇರಾ ಸ್ಥಾಪನೆಯಾಗಿದ್ದರೂ ‘ಡಬ್ಲ್ಯುಎಸ್‌ರೆಪ್ ಆನ್’ ಎಂಬ ಸ್ವಿಚ್ಚನ್ನು ಫೈಲಿನಲ್ಲಿ ಹಾಕಿರಲಿಲ್ಲ. ಅದನ್ನು ಹಾಕದಿದ್ದರೆ ಮರಿಯಾಡಿಬಿ ಯಾವ ತಕರಾರೂ ಇಲ್ಲದೆ ಒಂಟಿಯಾಗಿ ನಡೆಯುತ್ತದೆ. ದೋಷ ಸಂದೇಶವೇ ಇಲ್ಲದ ದೋಷ ಇದು. ‘ಇನ್‌ಸ್ಟಾಲ್ ಆಯ್ತು’ ಎನ್ನುವುದಕ್ಕೂ ‘ಕೂಡಿಕೊಂಡಿತು’ ಎನ್ನುವುದಕ್ಕೂ ಇರುವ ಅಂತರ ಈ ಗುಂಪಿಗೆ ಚೆನ್ನಾಗಿ ಮನದಟ್ಟಾಯಿತು.

*ಮೂರನೇ ಯಂತ್ರ.* ಇಲ್ಲಿನ ದೋಷ ಎಲ್ಲಕ್ಕಿಂತ ಅಪಾಯಕಾರಿ. ‘ಕ್ಲಸ್ಟರ್ ಅಡ್ರೆಸ್’ನಲ್ಲಿ ಮೂರೂ ಯಂತ್ರಗಳ ವಿಳಾಸ ಇರಬೇಕಿತ್ತು, ‘ಜಿಕಾಮ್’ ಎಂಬ ಪದದ ಮುಂದೆ ನಾನು ಖಾಲಿ ಬಿಟ್ಟಿದ್ದೆ. ಖಾಲಿ ವಿಳಾಸವನ್ನು ಗಲೇರಾ ‘ಹೊಸ ಕ್ಲಸ್ಟರ್ ಆರಂಭಿಸು’ ಎಂದು ಅರ್ಥಮಾಡಿಕೊಳ್ಳುತ್ತದೆ. ಹಾಗಾಗಿ ಅದು ತನ್ನನ್ನೇ ಒಂದು ಕ್ಲಸ್ಟರ್ ಎಂದು ತಿಳಿದು ಕೂತಿತ್ತು. ಸ್ಥಿತಿ ಕೇಳಿದರೆ ‘ಪ್ರೈಮರಿ’, ಸಿದ್ಧವಾಗಿದೆಯೇ ಎಂದರೆ ‘ಆನ್’. ಆರೋಗ್ಯದ ಎಲ್ಲ ಲಕ್ಷಣಗಳೂ ಇವೆ. ಒಂದೇ ಸಂಖ್ಯೆ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ: ಕ್ಲಸ್ಟರ್ ಸೈಜ್ 1.

ಆ ಸಂಖ್ಯೆ ಅವರ ಕಣ್ಣಿಗೆ ಬೀಳುವ ಮೊದಲೇ, ಯೋಜನೆಯಂತೆ, ಒಂದನೇ ಮತ್ತು ಮೂರನೇ ಗುಂಪುಗಳಿಗೆ ತಮ್ಮ ತಮ್ಮ ಗೆಳೆಯರ ಹೆಸರುಗಳನ್ನು ಹಾಜರಾತಿ ಟೇಬಲ್ಲಿಗೆ ಸೇರಿಸಲು ಹೇಳಿದ್ದೆ. ಎರಡೂ ಕಡೆ ಹೆಸರುಗಳು ಸಲೀಸಾಗಿ ದಾಖಲಾದವು. ನಂತರ ಮೂರನೇ ಗುಂಪು ಖಾಲಿ ವಿಳಾಸವನ್ನು ಪತ್ತೆಹಚ್ಚಿ, ಸರಿಪಡಿಸಿ, ಯಂತ್ರವನ್ನು ಕ್ಲಸ್ಟರಿಗೆ ಸೇರಿಸಿತು. ಸೈಜ್ 3 ಎಂದು ಬಂದ ಕೂಡಲೇ ಚಪ್ಪಾಳೆ. ಟೇಬಲ್ ತೆರೆದರೆ ಅವರು ಸೇರಿಸಿದ ಒಂದು ಹೆಸರೂ ಇಲ್ಲ.

“ಮೇಡಂ, ನಾವು ಹಾಕಿದ್ದು ಎಲ್ಲಿ ಹೋಯ್ತು? ನಾವು ಸರೀನೇ ಮಾಡಿದ್ವಲ್ಲ!”

ಅವರು ಮಾಡಿದ್ದು ಸರಿಯೇ. ಆದರೆ ಬೇರೆ ಕ್ಲಸ್ಟರಿನಿಂದ ಬಂದ ಯಂತ್ರ ಸೇರುವಾಗ ತನ್ನ ಹಳೆಯ ಮಾಹಿತಿಯನ್ನು ಬಿಟ್ಟು, ಇರುವ ಕ್ಲಸ್ಟರಿನ ಪೂರ್ತಿ ಪ್ರತಿಯನ್ನು ತೆಗೆದುಕೊಳ್ಳುತ್ತದೆ. ಎರಡೂ ಕಡೆಯ ಸಾಲುಗಳನ್ನು ಅದು ಬೆರೆಸುವುದಿಲ್ಲ. ದೋಷ ಮಾಯವಾಯಿತು, ಜೊತೆಗೆ ಮಾಹಿತಿಯೂ ಮಾಯವಾಯಿತು. ಆ ಹೆಸರುಗಳ ಬ್ಯಾಕಪ್ಪನ್ನು ಪಾಠದ ತಯಾರಿಯ ಭಾಗವಾಗಿ ಪೆನ್‌ಡ್ರೈವಿಗೆ ತೆಗೆದಿಟ್ಟಿದ್ದೆ. ಆದರೆ ಅದನ್ನು ತಕ್ಷಣ ಹೊರತೆಗೆಯಲಿಲ್ಲ. “ಮರುಚಾಲನೆಗೆ ಮೊದಲು ಯಾವ ಒಂದು ಪ್ರಶ್ನೆ ಕೇಳಿದ್ದರೆ ಇದು ತಪ್ಪುತ್ತಿತ್ತು?” ಎಂದು ಮೂರೂ ಗುಂಪುಗಳಿಗೆ ಚರ್ಚೆಗೆ ಬಿಟ್ಟೆ. ಅವರೇ ತಲುಪಿದ ಉತ್ತರ: “ಈ ಯಂತ್ರದಲ್ಲಿ ಮಾತ್ರ ಇರುವ ಮಾಹಿತಿ ಏನಾದರೂ ಇದೆಯೇ?” ನಂತರ ಬ್ಯಾಕಪ್ಪಿನಿಂದ ಹೆಸರುಗಳನ್ನು ಮರಳಿ ಸೇರಿಸಿದರು, ಈ ಸಲ ಮೂರೂ ಯಂತ್ರಗಳಲ್ಲಿ ಕಾಣಿಸಿಕೊಂಡವು.

ಹಂತ 3: ವಿವರಣೆ

ಅನುಭವದ ನಂತರ ಪದಗಳನ್ನು ಕೊಟ್ಟೆ. ಒಂದೇ ಡೇಟಾಬೇಸ್ ಎರಡಾಗಿ ಒಡೆದು, ಎರಡೂ ‘ನಾನೇ ನಿಜ’ ಎಂದು ಬರೆದುಕೊಳ್ಳುತ್ತ ಹೋಗುವುದಕ್ಕೆ ‘ಸ್ಪ್ಲಿಟ್ ಬ್ರೇನ್’ ಎನ್ನುತ್ತಾರೆ. ತುಮಕೂರು ರಸ್ತೆ ಮತ್ತು ಹೊರ ವರ್ತುಲ ರಸ್ತೆ ಸೇರುವ ಗೊರಗುಂಟೆಪಾಳ್ಯ ಜಂಕ್ಷನ್ನಿನಲ್ಲಿ ಇಬ್ಬರು ಪೊಲೀಸರು ಒಬ್ಬರನ್ನೊಬ್ಬರು ನೋಡದೆ ಎರಡೂ ದಿಕ್ಕಿಗೆ ‘ಬನ್ನಿ’ ಎಂದು ಕೈ ತೋರಿಸಿದರೆ ಏನಾಗುತ್ತದೆ ಎಂದು ಕೇಳಿದೆ. ದಿನಾ ಆ ಜಂಕ್ಷನ್ ದಾಟುವವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಇಬ್ಬರೂ ಕೈ ಇಳಿಸಿ ನಿಂತರೆ ಟ್ರಾಫಿಕ್ ಜಾಮ್; ಇಬ್ಬರೂ ಬಿಟ್ಟರೆ ಅಪಘಾತ. ಜಾಮ್ ಬಿಡಿಸಬಹುದು.

ಇದನ್ನು ತಡೆಯುವ ನಿಯಮವೇ ಬಹುಮತ. ಮೂರನೇ ಯಂತ್ರದ ಕೇಬಲ್ ಕಿತ್ತು ತೋರಿಸಿದೆ. ಕೆಲವು ಸೆಕೆಂಡು ತಡೆದು ಉಳಿದ ಎರಡು ಯಂತ್ರಗಳು ಮುಂದುವರಿದವು. ಮೂರರಲ್ಲಿ ಎರಡು ಎಂದರೆ ಬಹುಮತ. ಒಂಟಿಯಾದ ಯಂತ್ರ ಮಾತ್ರ ಯಾವ ಪ್ರಶ್ನೆ ಕೇಳಿದರೂ 1047ನೇ ದೋಷವನ್ನು ತೋರಿಸಿ ನಿರಾಕರಿಸಿತು. ಡಿಸ್ಕ್ ಸರಿಯಿದೆ, ಮಾಹಿತಿಯೂ ಇದೆ. ಆದರೂ ಕೊಡುವುದಿಲ್ಲ, ಉಳಿದವರು ಏನು ಬರೆಯುತ್ತಿದ್ದಾರೆಂದು ತನಗೆ ತಿಳಿಯದು ಎಂಬುದು ಅದಕ್ಕೆ ಗೊತ್ತು. ಕೇಬಲ್ ಮರಳಿ ಹಾಕಿದಾಗ ಅದು ತಪ್ಪಿದ ಬದಲಾವಣೆಗಳನ್ನಷ್ಟೇ ತೆಗೆದುಕೊಂಡು ಸೇರಿಕೊಂಡಿತು.

ಎರಡೇ ಯಂತ್ರಗಳಿದ್ದರೆ? ನಡುವಿನ ಕೇಬಲ್ ಹೋದರೆ ಎರಡಕ್ಕೂ ಅರ್ಧರ್ಧ, ಯಾರಿಗೂ ಬಹುಮತವಿಲ್ಲ, ಎರಡೂ ನಿಲ್ಲುತ್ತವೆ. ಅದಕ್ಕಾಗಿ ಮಾಹಿತಿ ಇಟ್ಟುಕೊಳ್ಳದೆ ಮತ ಮಾತ್ರ ಹಾಕುವ ಮೂರನೆಯ ಪುಟ್ಟ ಪ್ರೋಗ್ರಾಂ ಅನ್ನು ಗಲೇರಾ ಕೊಡುತ್ತದೆ. ಕ್ಲಸ್ಟರಿನಲ್ಲಿ ಬೆಸಸಂಖ್ಯೆಯ ಯಂತ್ರಗಳಿರಲಿ ಎಂಬ ಸಲಹೆಯ ಹಿಂದಿರುವುದು ಇದೇ ಲೆಕ್ಕ.

ದೋಷದಂತೆ ಕಂಡರೂ ದೋಷವಲ್ಲದ ಒಂದು ಅಂಶವನ್ನು ಒಬ್ಬ ವಿದ್ಯಾರ್ಥಿನಿ ತಾನಾಗಿಯೇ ಗಮನಿಸಿದಳು: “ಕ್ರಮಸಂಖ್ಯೆ 1, 4, 7 ಅಂತ ಬರ್ತಿದೆ, ಮಧ್ಯದ್ದು ಡಿಲೀಟ್ ಆಯ್ತಾ ಮೇಡಂ?” ಇಲ್ಲ. ಮೂರು ಯಂತ್ರಗಳು ಏಕಕಾಲಕ್ಕೆ ಒಂದೇ ಸಂಖ್ಯೆ ಕೊಡಬಾರದೆಂದು ಗಲೇರಾ ಪ್ರತಿಯೊಂದಕ್ಕೂ ಬೇರೆ ಆರಂಭ ಕೊಟ್ಟು, ಮೂರು ಮೂರರಂತೆ ಜಿಗಿಸುತ್ತದೆ. ಸಮಾಂತರ ಶ್ರೇಢಿ ಓದಿದವರಿಗೆ ಇದು ಪರಿಚಿತ: ಸಾಮಾನ್ಯ ವ್ಯತ್ಯಾಸ 3, ಮೊದಲ ಪದ ಬೇರೆ ಬೇರೆ.

ಹಂತ 4: ವಿಸ್ತರಣೆ

ಎರಡನೇ ದಿನ ಎರಡು ಸಮಸ್ಯೆಗಳನ್ನು ಕೊಟ್ಟೆ. ಮೊದಲನೆಯದು: ಒಂದನೇ ಯಂತ್ರದಲ್ಲಿ ರಚಿಸಿದ ಟೇಬಲ್ ಮೂರೂ ಕಡೆ ಬಂತು, ಸಾಲುಗಳು ಮಾತ್ರ ಬರಲಿಲ್ಲ. ನೆಟ್‌ವರ್ಕ್ ಎನ್ನುವವರೇ ಹೆಚ್ಚು. “ನೆಟ್‌ವರ್ಕ್ ಕೆಟ್ಟಿದ್ರೆ ಟೇಬಲ್ ಹೇಗೆ ಬಂತು?” ಎಂದು ಒಬ್ಬಳು ಕೇಳಿದ ಮೇಲೆ ಎಲ್ಲರೂ ಟೇಬಲ್ಲಿನ ವಿವರ ನೋಡಿದರು. ಅದು ‘ಮೈಐಸ್ಯಾಮ್’ ಬಗೆಯದು. ಗಲೇರಾ ಸಾಲುಗಳನ್ನು ಹಂಚುವುದು ‘ಇನ್ನೊಡಿಬಿ’ ಬಗೆಯ ಟೇಬಲ್ಲುಗಳಿಗೆ.

ಎರಡನೆಯದು ಬರವಣಿಗೆಯ ಸಮಸ್ಯೆ: ಕರೆಂಟ್ ಹೋಗಿ ಮೂರೂ ಯಂತ್ರಗಳು ಒಮ್ಮೆಗೇ ನಿಂತವು. ಮರಳಿ ಬಂದಾಗ ತಾವಾಗಿ ಕೂಡಿಕೊಳ್ಳಲಿಲ್ಲ. ಮೊದಲು ಯಾವುದನ್ನು ಏಳಿಸಬೇಕು? ಪ್ರತಿ ಯಂತ್ರ ತಾನು ಎಷ್ಟನೇ ಬದಲಾವಣೆಯವರೆಗೆ ಬರೆದಿದ್ದೇನೆ ಎಂಬ ಸಂಖ್ಯೆಯನ್ನು ಹೇಳಬಲ್ಲದು. ಅತಿ ದೊಡ್ಡ ಸಂಖ್ಯೆ ಇರುವುದೇ ಮೊದಲು ಏಳಬೇಕು. ಉಳಿದವು ಅದನ್ನು ಸೇರಬೇಕು. ‘ಸೇಫ್ ಟು ಬೂಟ್‌ಸ್ಟ್ರಾಪ್’ ಎಂಬ ಸಾಲಿನಲ್ಲಿ 0 ಇದ್ದರೆ ಅದು ಎಚ್ಚರಿಕೆ. ಓದದೆ ಅದನ್ನು 1 ಮಾಡಿದರೆ ಹಿಂದೆ ಬಿದ್ದ ಯಂತ್ರವೇ ಯಜಮಾನನಾಗಿ, ಹೊಸ ಮಾಹಿತಿ ಅಳಿಯಬಹುದು.

ಇದು ಲ್ಯಾಬಿನ ಆಟ ಮಾತ್ರವಲ್ಲ ಎಂದು ತೋರಿಸಲು ಎರಡು ನಿಜ ಸಂಗತಿಗಳನ್ನು ಹೇಳಿದೆ. ಇದೇ ವರ್ತುಲ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಹೆಬ್ಬಾಳದಲ್ಲಿ ಆಧಾರ್‌ನ ದತ್ತಾಂಶ ಕೇಂದ್ರವಿದೆ. ಇನ್ನೊಂದು ಹರಿಯಾಣದ ಮಾನೇಸರ್‌ನಲ್ಲಿ. ಅಷ್ಟು ದೂರದ ಎರಡು ಕಡೆ ಏಕೆ ಇಟ್ಟಿರಬಹುದು ಎಂಬುದನ್ನು ಮನೆಕೆಲಸದ ಪ್ರಶ್ನೆಯಾಗಿ ಕೊಟ್ಟೆ. ಎರಡನೆಯದು ಗಿಟ್‌ಹಬ್‌ನದು. 2018ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಅದರ ಎರಡು ಕೇಂದ್ರಗಳ ನಡುವಿನ ಸಂಪರ್ಕ 43 ಸೆಕೆಂಡು ಕಡಿಯಿತು. ಅಷ್ಟರಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸುಗಳ ಮುಖ್ಯಸ್ಥಾನ ಪಶ್ಚಿಮ ಕರಾವಳಿಗೆ ಹೋಯಿತು. ಪೂರ್ವದಲ್ಲಿ ಆಗಲೇ ಬರೆದಿದ್ದ ಕೆಲವು ಬದಲಾವಣೆಗಳು ಪಶ್ಚಿಮವನ್ನು ತಲುಪಿರಲಿಲ್ಲ. ಎರಡೂ ಕಡೆ ಮತ್ತೊಂದರಲ್ಲಿ ಇಲ್ಲದ ಮಾಹಿತಿ. ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಬೇಕಾಯಿತು. ಬೇಗ ಸರಿಮಾಡುವುದಕ್ಕಿಂತ ಮಾಹಿತಿ ಉಳಿಸುವುದು ಮುಖ್ಯ ಎಂದು ಅವರು ನಿರ್ಧರಿಸಿದ್ದೂ ಅದಕ್ಕೆ ಒಂದು ಕಾರಣ. ಮೂರನೇ ಗುಂಪಿನವರು ಇದನ್ನು ಬಹಳ ಗಮನವಿಟ್ಟು ಕೇಳಿದರು.

ಹಂತ 5: ಮೌಲ್ಯಮಾಪನ

ಹತ್ತು ಅಂಕಗಳನ್ನು ಹೀಗೆ ಹಂಚಿದೆ: ಕಂಡದ್ದನ್ನು ನಿಖರವಾಗಿ ಬರೆದದ್ದಕ್ಕೆ 4, ಊಹೆಗೆ ತಕ್ಕ ಪರೀಕ್ಷೆ ಆರಿಸಿದ್ದಕ್ಕೆ 3, ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿದ್ದಕ್ಕೆ 2, ಪರಿಹಾರಕ್ಕೆ 1. ಪರಿಹಾರಕ್ಕೆ ಒಂದೇ ಅಂಕ ಏಕೆ ಎಂದು ವಿದ್ಯಾರ್ಥಿಗಳೂ ಕೇಳಿದರು, ಸಹ ಪ್ರಶಿಕ್ಷಣಾರ್ಥಿಗಳೂ ಕೇಳಿದರು. ಆಕಸ್ಮಿಕವಾಗಿ ಸರಿಹೋದ ಯಂತ್ರ ಮುಂದಿನ ಸಲ ಕೆಟ್ಟಾಗ ಆ ವಿದ್ಯಾರ್ಥಿಯ ಕೈಯಲ್ಲಿ ಏನೂ ಇರುವುದಿಲ್ಲ. ಸರಿಯಾಗಿ ಬರೆದ ಚೀಟಿ ಇದ್ದರೆ ಬೇರೆಯವರಾದರೂ ಅಲ್ಲಿಂದ ಮುಂದುವರಿಸಬಹುದು.

ಪಾಠದ ಕೊನೆಗೆ ತರಗತಿ ಸೇರಿ ಸಿದ್ಧಪಡಿಸಿದ ಪ್ರಶ್ನೆಗಳ ಕ್ರಮ ಇದು. ಮೊದಲ ದಿನದ ‘ಮೇನ್, ಫ್ಯೂಸ್, ಸ್ವಿಚ್, ಬಲ್ಬು’ ಕ್ರಮದ ಮೇಲೆಯೇ ಇದು ನಿಂತಿದೆ:

1. ಯಾವ ಯಂತ್ರದಿಂದ ಯಾವ ಯಂತ್ರಕ್ಕೆ ಆಗುತ್ತಿಲ್ಲ?
2. ಪಿಂಗ್‌ಗೆ ಉತ್ತರ ಬರುತ್ತದೆಯೇ?
3. ಪೋರ್ಟ್ ತಟ್ಟಿದರೆ ಮೌನವೇ, ನಿರಾಕರಣೆಯೇ?
4. ಡೇಟಾಬೇಸ್ ಯಾವ ವಿಳಾಸದಲ್ಲಿ ಕೇಳುತ್ತಿದೆ?
5. ಕ್ಲಸ್ಟರ್ ಸ್ವಿಚ್ ಹಾಕಿದೆಯೇ? ಕ್ಲಸ್ಟರ್ ಹೆಸರು, ವಿಳಾಸ ಎಲ್ಲೆಡೆ ಒಂದೇ ಇವೆಯೇ?
6. ಪ್ರತಿ ಯಂತ್ರದ ಪ್ರಕಾರ ಕ್ಲಸ್ಟರ್ ಸೈಜ್ ಎಷ್ಟು?
7. ಮರುಚಾಲನೆಗೆ ಮೊದಲು: ಇಲ್ಲಿ ಮಾತ್ರ ಇರುವ ಮಾಹಿತಿ ಇದೆಯೇ? ಬ್ಯಾಕಪ್ ಇದೆಯೇ?

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಮೂರು ಕಂಪ್ಯೂಟರು ಬಿಡುವಾಗಿ ಸಿಗದಿದ್ದರೆ ಒಂದೇ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ ಬಳಸಿ ಮೂರು ಪುಟ್ಟ ಯಂತ್ರಗಳನ್ನು ಮಾಡಿಕೊಳ್ಳಬಹುದು. ಅದೂ ಇಲ್ಲವಾದರೆ ಐದು ವಿದ್ಯಾರ್ಥಿಗಳಿಗೆ ಒಂದೊಂದು ನೋಟ್‌ಬುಕ್ ಕೊಟ್ಟು, ಒಬ್ಬರು ಬರೆದದ್ದನ್ನು ಎಲ್ಲರೂ ಬರೆಯುವಂತೆ ಮಾಡಿ. ನಂತರ ಇಬ್ಬರನ್ನು ಬಾಗಿಲಾಚೆ ನಿಲ್ಲಿಸಿ. ಯಾವ ಗುಂಪು ಬರವಣಿಗೆ ಮುಂದುವರಿಸಬಹುದು ಎಂಬ ಚರ್ಚೆಗೆ ಕರೆಂಟ್ ಕೂಡ ಬೇಡ.

ದೋಷಗಳನ್ನು ಪದರ ಪದರವಾಗಿ ಇಡಿ. ಒಂದು ತೆಗೆದಾಗ ಇನ್ನೊಂದು ಕಾಣಬೇಕು. ಪ್ರತಿ ದೋಷದ ಪರಿಹಾರವನ್ನೂ ಮೊದಲೇ ಮಾಡಿನೋಡಿ, ಸಮಯ ಅಳೆಯಿರಿ. ಮಾಹಿತಿ ಅಳಿಯುವ ಚಟುವಟಿಕೆಗೆ ಮೊದಲು ಬ್ಯಾಕಪ್ ಖಂಡಿತ ಇರಲಿ. ಅಳಿಸಿದ ಹೆಸರುಗಳು ಮರಳಿ ಬರಬೇಕು; ಇಲ್ಲದಿದ್ದರೆ ಪಾಠಕ್ಕಿಂತ ಬೇಸರವೇ ಉಳಿಯುತ್ತದೆ.

ಮಾರ್ಗದರ್ಶಕರ ಪ್ರಶ್ನೆಗೆ ಉತ್ತರ ದೋಷ ಚೀಟಿಗಳಲ್ಲೇ ಇದೆ. ಮೊದಲ ಅವಧಿಯಲ್ಲಿ “ಕನೆಕ್ಟ್ ಆಗ್ತಿಲ್ಲ” ಎಂದು ಬರೆದ ಗುಂಪು ನಾಲ್ಕನೇ ಅವಧಿಯಲ್ಲಿ ಬರೆದದ್ದು: “2ರಿಂದ 3ಕ್ಕೆ 4567 ತೆರೆದಿದೆ, 4444 ಮೌನ. ಹೊಸ ಪ್ರತಿ ಕಳಿಸುವಾಗ ನಿಲ್ಲುತ್ತಿದೆ. ಇನ್ನೂ ಏನೂ ಬದಲಿಸಿಲ್ಲ.” ಕ್ಲಸ್ಟರ್ ಎಂಬ ಪದ ಪ್ರಶ್ನೆಪತ್ರಿಕೆಯಲ್ಲಿ ಬರದೇ ಇರಬಹುದು. ಹೀಗೆ ಬರೆಯಲು ಕಲಿತ ವಿದ್ಯಾರ್ಥಿ ಭೌತಶಾಸ್ತ್ರದ ಪ್ರಯೋಗದಲ್ಲಿ ರೀಡಿಂಗ್ ತಪ್ಪಿದಾಗಲೂ, ನಾಳೆ ಪೀಣ್ಯದ ಯಾವುದೋ ಯಂತ್ರದ ಮುಂದೆ ನಿಂತಾಗಲೂ ಇದೇ ಕ್ರಮವನ್ನು ಬಳಸಬಹುದು.